ವಿಲಿಯಂ ಹೆನ್ರಿ ಮಂಕ್: ಅಕ್ಷರ ಎಣಿಸಿ ಮಟ್ಟು ಕೂಡಿಸಿದ ಆರ್ಗನ್ ವಾದಕ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಚರ್ಚ್ ಸಂಗೀತವನ್ನು ಓದುವಾಗ ಮಂಕ್ ಅವರ ಹೆಸರು ಸಾಮಾನ್ಯವಾಗಿ ಒಂದೇ ಒಂದು ಮಟ್ಟಿನ ಜೊತೆಗೆ ಬಂದು ಹೋಗುತ್ತದೆ. ‘ಅಬೈಡ್ ವಿತ್ ಮಿ’ ಎಂಬ ಸ್ತುತಿಗೀತೆಗೆ ಅವರು ಹಾಕಿದ ‘ಈವನ್‌ಟೈಡ್’ ಎಂಬ ಮಟ್ಟು ಅದು. ಗಾಂಧೀಜಿಗೆ ಪ್ರಿಯವಾಗಿದ್ದ ಈ ಗೀತೆಯನ್ನು 2022ರಲ್ಲಿ ಕೈಬಿಡುವ ಮೊದಲು ದೆಹಲಿಯ ಬೀಟಿಂಗ್ ರಿಟ್ರೀಟ್ ಸಮಾರಂಭದಲ್ಲಿ ನುಡಿಸುತ್ತಿದ್ದುದರಿಂದ ನಮ್ಮಲ್ಲಿ ಅನೇಕರು ಅದನ್ನು ಕೇಳಿಯೇ ಇರುತ್ತಾರೆ. ಆದರೆ ಮಂಕ್ ಅವರ ವೃತ್ತಿಜೀವನದ ತೂಕ ಇರುವುದು ರಚನೆಗಿಂತ ಹೆಚ್ಚಾಗಿ ಗೀತಸಂಕಲನದ ಸಂಪಾದನೆಯಲ್ಲಿ ಎಂಬುದು ನನ್ನ ಅಭಿಪ್ರಾಯ.

ಬದುಕಿನ ವಿವರಗಳನ್ನು ಬೇಗ ಮುಗಿಸಬಹುದು. 1823ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಮಂಕ್, ಥಾಮಸ್ ಆಡಮ್ಸ್ ಮೊದಲಾದವರಲ್ಲಿ ಕಲಿತು, ಹದಿನೆಂಟರ ಹೊತ್ತಿಗೆ ಈಟನ್ ಚೌಕದ ಸೇಂಟ್ ಪೀಟರ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ 1847ರಲ್ಲಿ ಗಾನವೃಂದದ ನಿರ್ದೇಶಕರಾಗಿ, 1849ರಲ್ಲಿ ಆರ್ಗನ್ ವಾದಕರಾಗಿ, 1874ರಲ್ಲಿ ಗಾಯನದ ಪ್ರಾಧ್ಯಾಪಕರಾದರು. ಇದರ ಜೊತೆಗೇ 1852ರಿಂದ ಕೊನೆಯುಸಿರಿನವರೆಗೆ ಸ್ಟೋಕ್ ನ್ಯೂಯಿಂಗ್ಟನ್‌ನ ಸೇಂಟ್ ಮಥಾಯಸ್ ಚರ್ಚಿನ ಆರ್ಗನ್ ಅವರ ಕೈಯಲ್ಲಿತ್ತು. ಅಲ್ಲಿ ಅವರು ಸಂಬಳವಿಲ್ಲದೆ ಸ್ವಇಚ್ಛೆಯಿಂದ ಬಂದ ಹಾಡುಗಾರರನ್ನು ಕೂಡಿಸಿಕೊಂಡು ಪ್ರತಿದಿನದ ಆರಾಧನೆಯನ್ನೂ ಗಾಯನದೊಂದಿಗೆ ನಡೆಸುತ್ತಿದ್ದರು. ತರಬೇತಿಯಿಲ್ಲದ ಕಂಠಗಳು ಎಲ್ಲಿ ಎಡವುತ್ತವೆ ಎಂಬುದು ಇಂಥವರಿಗೆ ತಿಳಿದಷ್ಟು ಇನ್ನಾರಿಗೂ ತಿಳಿದಿರಲಾರದು.

1861ರಲ್ಲಿ ಸ್ವರಲಿಪಿಯೊಂದಿಗೆ ಹೊರಬಂದ ‘ಹಿಮ್ಸ್ ಏನ್ಶಂಟ್ ಅಂಡ್ ಮಾಡರ್ನ್’ ಸಂಕಲನದ ಸಮಿತಿಗೆ ಹೆನ್ರಿ ವಿಲಿಯಮ್ಸ್ ಬೇಕರ್ ಎಂಬ ಪಾದ್ರಿ ಮುಖ್ಯಸ್ಥರಾಗಿದ್ದರು. ಸಂಗೀತ ಸಂಪಾದಕರು ಮಂಕ್. ಅದಕ್ಕೂ ಮುಂಚೆ ಪದ್ಯಗಳ ಪುಸ್ತಕ ಬೇರೆ, ಮಟ್ಟುಗಳ ಪುಸ್ತಕ ಬೇರೆ ಇರುವುದು ರೂಢಿಯಾಗಿತ್ತು. ಈ ಸಂಕಲನ 273 ಗೀತೆಗಳಿಗೆ ಅವುಗಳ ಮಟ್ಟನ್ನು ಅದೇ ಪುಟದಲ್ಲಿ ಕೊಟ್ಟು ಜೋಡಿಯನ್ನು ಗಟ್ಟಿಮಾಡಿತು.

ಈಗ ಎಲ್ಲಕ್ಕಿಂತ ತೊಡಕಿನ ಭಾಗ. ಹೆನ್ರಿ ಫ್ರಾನ್ಸಿಸ್ ಲೈಟ್ ಎಂಬ ಪಾದ್ರಿ ‘ಅಬೈಡ್ ವಿತ್ ಮಿ’ಯನ್ನು ಪೂರ್ತಿಗೊಳಿಸಿ 1847ರಲ್ಲಿಯೇ ತೀರಿಕೊಂಡರು, ಮಟ್ಟು ಬಂದದ್ದು 1861ರಲ್ಲಿ. ಒಬ್ಬರ ಪದ್ಯ ಇನ್ನೊಬ್ಬರ ಮಟ್ಟಿಗೆ ಕೂರುವುದು ಹೇಗೆ? ಉತ್ತರ ಗೀತೆಯ ತಲೆಯ ಮೇಲೆ ಅಚ್ಚಾಗುವ ‘10.10.10.10’ ಎಂಬ ಅಂಕಿಗಳಲ್ಲಿದೆ. ಇವು ಪ್ರತಿ ಸಾಲಿನ ಅಕ್ಷರಗಳ ಲೆಕ್ಕ. ನಮ್ಮ ಅಕ್ಷರವೃತ್ತಗಳಲ್ಲಿ ಮಾಡುವಂತೆ ಅರ್ಧಾಕ್ಷರವನ್ನು ಹಿಂದಿನ ಅಕ್ಷರಕ್ಕೆ ಸೇರಿಸಿ ಎಣಿಸಿದರೆ ಸಾಕು: ಅ, ಬೈಡ್, ವಿತ್, ಮಿ, ಫಾಸ್ಟ್, ಫಾಲ್ಸ್, ದಿ, ಈ, ವನ್, ಟೈಡ್. ಸರಿಯಾಗಿ ಹತ್ತು. ಗುರು ಲಘುಗಳ ಮಾತ್ರೆಗಳನ್ನು ಇಲ್ಲಿ ಕೂಡಿಸಬಾರದು. ಇಂಗ್ಲಿಷಿನಲ್ಲಿ ಎಣಿಕೆಯ ಬಳಿಕ ನೋಡಬೇಕಾದದ್ದು ಒತ್ತು ಎಲ್ಲಿ ಬೀಳುತ್ತದೆ ಎಂಬುದನ್ನು.

ಷಡ್ಜವನ್ನು ಪಾಶ್ಚಾತ್ಯ ಪದ್ಧತಿಯ ‘E ಫ್ಲ್ಯಾಟ್’ ಸ್ವರ ಎಂದು ಹಿಡಿದರೆ ಮೊದಲ ಸಾಲು ಗ ಗ ರಿ ಸ ಪ ದ ಪ ಪ ಮ ಗ ಎಂದಾಗುತ್ತದೆ, ಸ್ವರಸ್ಥಾನಗಳು ಶಂಕರಾಭರಣದವು. ಅಕ್ಷರಕ್ಕೊಂದು ಸ್ವರ, ಅವುಗಳ ಅವಧಿ ಕ್ರಮವಾಗಿ 2, 1, 1, 2, 2, 1, 1, 1, 1, 4. ಕೂಡಿದರೆ 16 ಎಣಿಕೆ. ‘ಅಬೈಡ್’ ಎಂಬಲ್ಲಿ ಒತ್ತು ‘ಬೈಡ್’ ಮೇಲೆ ಇದ್ದರೂ ಎರಡು ಎಣಿಕೆ ಸಿಕ್ಕಿರುವುದು ಒತ್ತಿಲ್ಲದ ‘ಅ’ಗೆ. ಛಂದಸ್ಸಿನ ಪ್ರಕಾರ ಇದು ತಿರುಗುಮುರುಗು. ಆದರೆ ನೂರಾರು ಜನ ಒಟ್ಟಿಗೆ ದನಿ ಎತ್ತುವಾಗ ಮೊದಲ ಸ್ವರ ತುಸು ಉದ್ದವಿದ್ದರೆ ತಡವಾಗಿ ಬಂದವರೂ ಸೇರಿಕೊಳ್ಳಬಹುದು, ಹಾಗಾಗಿ ಇದನ್ನು ಆರ್ಗನ್ ಮುಂದೆ ಕುಳಿತವರ ಜಾಣ್ಮೆ ಎಂದೇ ನಾನು ಓದುತ್ತೇನೆ. ನಾಲ್ಕನೆಯ ಸಾಲು ‘ಹೆಲ್ಪ್’ ಎಂಬ ಒತ್ತುಳ್ಳ ಪದದಿಂದ ಶುರುವಾಗುವುದರಿಂದ ಅಲ್ಲಿ ಅದೇ ದೀರ್ಘ ಸ್ವರ ಸಹಜವಾಗಿ ಹೊಂದುತ್ತದೆ. ಎರಡನೆಯ ಸಾಲಿನ ಕೊನೆಯನ್ನೂ ಹಾಡಿ ನೋಡಬೇಕು: ಪಂಚಮಕ್ಕೆ ಏರುವ ಮುನ್ನ ಅಲ್ಲೊಂದು ಪ್ರತಿಮಧ್ಯಮ (ಮಧ್ಯಮದ ಏರಿದ ರೂಪ) ಬರುತ್ತದೆ, ಅರೆಕ್ಷಣ ಪಂಚಮವೇ ಷಡ್ಜವಾದಂತೆ ಕೇಳಿಸುತ್ತದೆ.

ಈ ಮಟ್ಟು ಹತ್ತೇ ನಿಮಿಷದಲ್ಲಿ ಹುಟ್ಟಿತೆಂಬ ಕತೆಯೂ, ದುಃಖದ ದಿನಗಳಲ್ಲಿ ಸೂರ್ಯಾಸ್ತ ನೋಡುತ್ತ ಹುಟ್ಟಿತೆಂಬ ಇನ್ನೊಂದು ಕತೆಯೂ ಚಲಾವಣೆಯಲ್ಲಿವೆ. ಪರೀಕ್ಷೆಗೆ ಓದುವವರಿಗೆ ಎರಡೂ ಬೇಡ. ಅದಕ್ಕಿಂತ ‘ಡಿಕ್ಸ್’ ಎಂಬ ಮಟ್ಟನ್ನು ನೋಡುವುದು ಒಳ್ಳೆಯದು. ಜರ್ಮನಿಯ ಕೊನ್ರಾಡ್ ಕೋಹರ್ ಅವರ ರಚನೆಯಿಂದ ಒಂದು ಸಾಲನ್ನು ಕಿತ್ತುಹಾಕಿ, ಕೆಲವು ಸ್ವರಗಳನ್ನು ತಿದ್ದಿ, ಬೇರೊಂದು ಇಂಗ್ಲಿಷ್ ಪದ್ಯದ ಅಳತೆಗೆ ಮಂಕ್ ತಂದರು. ಇಟಲಿಯ ಸಂಗೀತ ರಚನಕಾರ ಪ್ಯಾಲೆಸ್ಟ್ರೀನಾ ಅವರ 1591ರ ರಚನೆಯ ತುಣುಕನ್ನು ಈಸ್ಟರ್ ಗೀತೆಯೊಂದಕ್ಕೆ ಹೊಂದಿಸಿ, ಕೊನೆಗೆ ‘ಅಲ್ಲೆಲೂಯ’ ಸೇರಿಸಿದ್ದೂ ಇದೇ ಬಗೆಯ ಕೆಲಸ.

ಬೋಧನೆ ಇದರ ನಡುವೆಯೇ ಸಾಗಿತ್ತು: 1851ರಿಂದ ಬಡ ಅಂಧರ ಶಾಲೆ, 1876ರಲ್ಲಿ ನ್ಯಾಷನಲ್ ಟ್ರೇನಿಂಗ್ ಸ್ಕೂಲ್ ಫಾರ್ ಮ್ಯೂಸಿಕ್, 1878ರಲ್ಲಿ ಬೆಡ್‌ಫರ್ಡ್ ಕಾಲೇಜು. 1882ರಲ್ಲಿ ಡರಮ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. ಸಂಕಲನವು 1868ರ ಅನುಬಂಧದೊಂದಿಗೆ 386, 1875ರ ಪರಿಷ್ಕರಣೆಯಲ್ಲಿ 473 ಗೀತೆಗಳಿಗೆ ಬೆಳೆಯಿತು. ಮಂಕ್ 1889ರ ಮಾರ್ಚ್ 1ರಂದು ತೀರಿಕೊಂಡರು. ಅದೇ ವರ್ಷ ಸಂಖ್ಯೆಯನ್ನು 638ಕ್ಕೆ ಏರಿಸಿದ ಪುರವಣಿಯ ಸಂಗೀತ ಸಂಪಾದನೆಯನ್ನು ಚಾರ್ಲ್ಸ್ ಸ್ಟೆಗಲ್ ಮಾಡಿದರು.