ಬಣ್ಣ ಕೊನೆಗಿರಲಿ, ಮೊದಲು ನೀರು ಎಲ್ಲಿಂದ ಬರುತ್ತಿದೆ ನೋಡಿ

ಮನೆ ಮಾರುವುದೆಂದು ತೀರ್ಮಾನವಾದ ಮರುದಿನವೇ ಹೆಚ್ಚಿನವರು ಫೋನ್ ಮಾಡುವುದು ಪೇಂಟರ್‌ಗೆ. ಆ ಫೋನನ್ನು ಕೆಲವು ತಿಂಗಳು ಮುಂದೆ ಹಾಕಿ ಎಂದು ಹೇಳಿ ಹೇಳಿ ಸಾಕಾಗಿದೆ. ಇ-ಖಾತಾ, ಇಸಿ (ಋಣಭಾರ ಪತ್ರ), ತೆರಿಗೆ ರಸೀದಿ ಜೋಡಿಸಿಟ್ಟುಕೊಳ್ಳಬೇಕು ಎಂಬುದು ಎಲ್ಲರಿಗೂ ಗೊತ್ತು. ಮನೆ ಗುಡಿಸಿ ಒರೆಸಿ, ಬೇಡದ ಸಾಮಾನು ಸಾಗಿಸುವುದನ್ನೂ ಯಾರೂ ಕಲಿಸಬೇಕಿಲ್ಲ. ಎಡವುವುದು ಒಂದೇ ಕಡೆ. ತೇವ ಹಿಡಿದ ಗೋಡೆಯನ್ನು ಕೆರೆದು, ಪುಟ್ಟಿ ಎಳೆದು, ಎರಡು ಕೋಟ್ ಎಮಲ್ಷನ್ ಹೊಡೆಸಿ, ಸಮಸ್ಯೆ ಮುಗಿಯಿತು ಎಂದುಕೊಳ್ಳುತ್ತಾರೆ.

ಗೋಡೆ ಹೊಸದರ ಹಾಗೆ ಕಾಣುವುದೇನೋ ನಿಜ. ಆದರೆ ಒಳಗೆ ನೀರಿರುವ ಗೋಡೆಯ ಮೇಲಿನ ಬಣ್ಣ ಕೆಲವೇ ವಾರಗಳಲ್ಲಿ ಗುಳ್ಳೆ ಏಳುತ್ತದೆ, ನಡುವೆ ಮಳೆ ಹಿಡಿದರೆ ಇನ್ನೂ ಬೇಗ. ಸೇಲ್ ಅಗ್ರಿಮೆಂಟ್ ಆಗಿ ನೋಂದಣಿ ಆಗುವವರೆಗೆ ಎರಡು-ಮೂರು ತಿಂಗಳು ಹಿಡಿಯುವುದು ಸಾಮಾನ್ಯ. ಕೊಳ್ಳುವವರ ಬ್ಯಾಂಕ್ ಸಾಲ ಮಂಜೂರಾಗಬೇಕು, ಬ್ಯಾಂಕಿನ ಕಡೆಯ ವ್ಯಾಲ್ಯುಯರ್ ಬಂದು ಮನೆ ನೋಡಿ ಹೋಗಬೇಕು. ಗುಳ್ಳೆ ಏಳುವುದೂ ಸರಿಯಾಗಿ ಇದೇ ಅವಧಿಯಲ್ಲಿ. ಅಷ್ಟು ಹೊತ್ತಿಗೆ ಅವರು ಕೊಟ್ಟ ಮುಂಗಡವನ್ನು ನೀವು ಇನ್ನೊಂದು ಮನೆಗೋ ಮಗಳ ಮದುವೆಗೋ ಕಟ್ಟಿರುತ್ತೀರಿ. ಕೊಳ್ಳುವವರು ಒಮ್ಮೆ ಗೋಡೆ ಮುಟ್ಟಿ, ಬೆರಳಿಗೆ ಅಂಟಿದ ಬಿಳಿ ಪುಡಿ ನೋಡಿದರೆಂದರೆ ಮುಗಿಯಿತು. ಆಮೇಲೆ ವೈರಿಂಗ್, ಪೈಪು, ಛಾವಣಿ ಎಲ್ಲದರ ಮೇಲೂ ಅನುಮಾನ. ತೇವದ ರಿಪೇರಿಗೆ ತಗಲುತ್ತಿದ್ದ ಖರ್ಚಿನ ಎಷ್ಟೋ ಪಟ್ಟು ಬೆಲೆ ಇಳಿಸಿಕೊಳ್ಳುವ ಮಾತು ಅಲ್ಲಿಂದ ಶುರುವಾಗುತ್ತದೆ.

ಬಣ್ಣ ಏಕೆ ನಿಲ್ಲುವುದಿಲ್ಲ? ಎಷ್ಟು ಸಲ ಹೇಳಿದರೂ "ಒಳ್ಳೆ ಕಂಪನಿಯ ಪೇಂಟ್ ಹಾಕಿದರೆ?" ಎಂಬ ಪ್ರಶ್ನೆ ಮತ್ತೆ ಬರುತ್ತದೆ, ಆದ್ದರಿಂದ ಬಿಡಿಸಿಯೇ ಹೇಳುತ್ತೇನೆ. ಇಟ್ಟಿಗೆ, ಸಿಮೆಂಟ್ ಬ್ಲಾಕ್, ಪ್ಲಾಸ್ಟರ್ ಎಲ್ಲದರಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ನೀರು ಅವುಗಳೊಳಗೆ ಸಾಗುತ್ತಾ ಅಲ್ಲಿನ ಲವಣವನ್ನು ಕರಗಿಸಿಕೊಂಡು ಗೋಡೆಯ ಮೈಗೆ ಬರುತ್ತದೆ. ಅಲ್ಲಿ ನೀರು ಆರಿಹೋಗಿ ಉಪ್ಪು ಉಳಿಯುತ್ತದೆ. ರಂಧ್ರದೊಳಗೆ ಆ ಉಪ್ಪು ಹರಳುಗಟ್ಟುತ್ತಾ ಸುತ್ತಲಿನ ಗಾರೆಯನ್ನು ಒತ್ತಿ ಪುಡಿ ಮಾಡುತ್ತದೆ. ಬಣ್ಣದ ಹಿಂದೆ ನಡೆಯುವುದು ಇದು. ಬಣ್ಣ ದುಬಾರಿಯಾದಷ್ಟೂ ಅದರ ಪದರ ಸಾಮಾನ್ಯವಾಗಿ ಗಟ್ಟಿ, ನೀರಾವಿ ಹೊರಗೆ ಹೋಗಲು ದಾರಿ ಕಡಿಮೆ. ಹೊರಬರಲಾಗದ ನೀರು ಇನ್ನೂ ಮೇಲಕ್ಕೆ ಏರಿ ಬೇರೆ ಜಾಗ ಹುಡುಕುತ್ತದೆ. ಎರಡು ಅಡಿ ಎತ್ತರದಲ್ಲಿದ್ದ ಕಲೆ ಬಣ್ಣ ಹೊಡೆದ ಮೇಲೆ ಮೂರೂವರೆ ಅಡಿಯಲ್ಲಿ ಕಾಣಿಸಿಕೊಳ್ಳುವುದು ಹೀಗೆ. ಗೋಡೆಯ ಒಳಮೈಗೆ ವಾಟರ್‌ಪ್ರೂಫ್ ಪೇಂಟ್ ಬಳಿಯುವುದು, ನಾಲ್ಕು ಅಡಿಯವರೆಗೆ ಟೈಲ್ಸ್ ಅಂಟಿಸುವುದು, ಪಿವಿಸಿ ಪ್ಯಾನೆಲ್ ಹೊಡೆಯುವುದು, ಎಲ್ಲವೂ ಇದೇ ತಪ್ಪಿನ ಬೇರೆ ಬೇರೆ ರೂಪ. ನೀರನ್ನು ತಡೆಯಬೇಕಾದದ್ದು ಅದು ಗೋಡೆಗೆ ಬಂದು ಬಡಿಯುವ ಕಡೆ. ಜಿಪ್ಸಮ್ ಪಿಒಪಿಯಿಂದ ಮುಚ್ಚುವುದಂತೂ ಎಲ್ಲಕ್ಕಿಂತ ಕೆಟ್ಟದ್ದು, ಜಿಪ್ಸಮ್ ನೀರು ಕುಡಿದರೆ ಮೆತ್ತಗಾಗುತ್ತದೆ.

ಹಾಗಾದರೆ ನೀರು ಎಲ್ಲಿಂದ? ಕಲೆ ಇರುವ ಜಾಗದಲ್ಲೇ ಸೋರಿಕೆ ಇರುತ್ತದೆಂದು ನಂಬಬೇಡಿ. ನೀರು ಪೈಪಿನ ಗುಂಟ, ಸ್ಲ್ಯಾಬಿನ ಮೇಲೆ, ಟೈಲ್ಸ್ ಅಡಿಯಲ್ಲಿ ಅಡಿಗಟ್ಟಲೆ ಹರಿದು ಎಲ್ಲೋ ಒಂದು ಕಡೆ ತಲೆ ಹಾಕುತ್ತದೆ. ಗೋಡೆಗಿಂತ ಮೊದಲು ಸಮಯವನ್ನು ಗಮನಿಸಿ. ಕಲೆಯ ಅಂಚಿಗೆ ಪೆನ್ಸಿಲ್‌ನಲ್ಲಿ ಗೆರೆ ಎಳೆದು ತಾರೀಖು ಬರೆಯಿರಿ, ಹತ್ತು ದಿನ ನೋಡಿ. ಮಳೆ ಬಂದಾಗ ಮಾತ್ರ ಬೆಳೆದರೆ ತಾರಸಿ, ಹೊರಗೋಡೆಯ ಬಿರುಕು, ಇಲ್ಲವೇ ಸಜ್ಜಾ ಗೋಡೆಗೆ ಸೇರುವ ಜಾಗವನ್ನು ನೋಡಬೇಕು. ಬೇಸಿಗೆ ಮಳೆಗಾಲವೆನ್ನದೆ ಒಂದೇ ಸಮ ಇದ್ದರೆ ಸದಾ ಒತ್ತಡದಲ್ಲಿರುವ ನೀರಿನ ಪೈಪಿನ ಮೇಲೆ ಅನುಮಾನ. ಸ್ನಾನದ ನಂತರ ಹೆಚ್ಚಾಗಿ ಸಂಜೆಗೆ ತುಸು ಆರಿದರೆ ಬಚ್ಚಲಿನ ಟೈಲ್ಸ್ ಸಂದು ಅಥವಾ ನೆಲದ ಜಾಲರಿಯ ಕೆಳಗಿನ ನಹಾನಿ ಟ್ರ್ಯಾಪ್. ನೆಲಮಹಡಿಯಲ್ಲಿ ಗೋಡೆಯುದ್ದಕ್ಕೂ ಎರಡು-ಮೂರು ಅಡಿ ಎತ್ತರಕ್ಕೆ ಪಟ್ಟಿಯಂತೆ ಹಬ್ಬಿ, ಮೇಲಂಚಿನಲ್ಲಿ ಉಪ್ಪಿನ ಗೆರೆ ಇದ್ದರೆ ನೆಲದಿಂದ ಏರುತ್ತಿರುವ ತೇವ.

ಒಂದು ಮನೆಯ ವಿಷಯ. ಮಲಗುವ ಕೋಣೆಯ ಗೋಡೆಗೆ ಮೂರು ಸಲ ಬಣ್ಣವಾಗಿತ್ತು, ತಾರಸಿಗೆ ಒಂದು ಸಲ ವಾಟರ್‌ಪ್ರೂಫಿಂಗ್ ಕೂಡ ಮುಗಿದಿತ್ತು. ಮನೆಯ ಹಿರಿಯರು, ನಿವೃತ್ತ ಮೇಷ್ಟ್ರು, ಒಂದು ನೋಟ್ ಪುಸ್ತಕ ತೆರೆದು ದಿನಕ್ಕೆ ಎರಡು ಹೊತ್ತು ಕಲೆಯ ಅಳತೆ ಬರೆದಿಟ್ಟರು. ಕಲೆ ಬೆಳೆಯುತ್ತಿದ್ದದ್ದು ಬೆಳಿಗ್ಗೆ ಏಳರಿಂದ ಒಂಬತ್ತರ ನಡುವೆ, ಮನೆಮಂದಿಯೆಲ್ಲ ಸ್ನಾನ ಮಾಡುವ ಹೊತ್ತಿನಲ್ಲಿ. ತಾರಸಿಯ ಸೋಲಾರ್ ಹೀಟರಿನಿಂದ ಇಳಿಯುವ ಬಿಸಿನೀರಿನ ಸಾಲಿಗೆ ಯಾರೋ ಸಾಮಾನ್ಯ ಪಿವಿಸಿ ಪೈಪ್ ಹಾಕಿದ್ದರು. ಬಿಸಿಗೆ ಅದು ಮೆತ್ತಗಾಗಿ ಗೋಡೆಯೊಳಗಿನ ಎಲ್ಬೋ ಬಿಟ್ಟುಕೊಂಡಿತ್ತು. ಬಿಸಿನೀರಿಗೆ ಬಿಸಿ ತಡೆಯುವ ಸಿಪಿವಿಸಿ ಪೈಪ್ ಬೇಕು. ಒಂದು ಎಲ್ಬೋ, ನಾಲ್ಕು ಅಡಿ ಪೈಪ್, ಒಂದು ದಿನದ ಕೆಲಸ. ಸೋರುವ ಜಾಗ ತೋರಿಸಿಕೊಟ್ಟದ್ದು ಮೇಷ್ಟ್ರ ಆ ಪುಸ್ತಕ.

ಪರೀಕ್ಷೆಗಳನ್ನು ಒಂದಾದ ಮೇಲೆ ಒಂದು ಮಾಡಿ. ಎಲ್ಲವನ್ನೂ ಒಟ್ಟಿಗೆ ಮಾಡಿದರೆ ಯಾವುದರಿಂದ ನೀರು ಬಂತೆಂದು ತಿಳಿಯುವುದಿಲ್ಲ. ಮೊದಲು ಪೈಪು. ರಾತ್ರಿ ಮನೆಯ ಎಲ್ಲ ನಲ್ಲಿ ಮುಚ್ಚಿ, ಓವರ್‌ಹೆಡ್ ಟ್ಯಾಂಕಿಗೆ ನೀರು ಏರದಂತೆ ಮೋಟಾರ್ ನಿಲ್ಲಿಸಿ, ಟ್ಯಾಂಕಿನ ನೀರಿನ ಮಟ್ಟಕ್ಕೆ ಗುರುತು ಹಾಕಿ. ಬೆಳಿಗ್ಗೆ ಮಟ್ಟ ಇಳಿದಿದ್ದರೆ ಕಮೋಡಿನ ಫ್ಲಶ್ ಟ್ಯಾಂಕ್ ಒಳಗೇ ಸೋರುತ್ತಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಂಡ ಮೇಲೆ ಗೋಡೆಯೊಳಗಿನ ಪೈಪನ್ನು ಅನುಮಾನಿಸಿ. ಮೂವತ್ತು ವರ್ಷ ಹಳೆಯ ಮನೆಯಲ್ಲಿ ಜಿಐ (ಸತುವಿನ ಲೇಪವಿರುವ ಕಬ್ಬಿಣದ) ಪೈಪ್ ಇದ್ದರೆ ತುಕ್ಕು ಹಿಡಿಯುವುದು ಹೆಚ್ಚಾಗಿ ಥ್ರೆಡ್ ಕೊರೆದ ಜಾಯಿಂಟಿನಲ್ಲಿ.

ಆಮೇಲೆ ಬಚ್ಚಲು. ನೆಲದ ಜಾಲರಿಗೆ ಪಾಲಿಥಿನ್ ಸುತ್ತಿದ ಬಟ್ಟೆ ತುರುಕಿ ಬಿಗಿದು, ಒಂದು ಇಂಚು ನೀರು ನಿಲ್ಲಿಸಿ. 24 ಗಂಟೆ ಕಾಯಿರಿ, ಸಾಧ್ಯವಾದರೆ 48. ಕೆಳಗಿನ ಸೂರು ಅಥವಾ ಪಕ್ಕದ ಗೋಡೆ ಒದ್ದೆಯಾದರೆ ನೆಲವೇ ಸೋರುತ್ತಿದೆ. ಒದ್ದೆಯಾಗದಿದ್ದರೆ ಬಟ್ಟೆ ತೆಗೆದು ಅಷ್ಟೂ ನೀರನ್ನು ಒಮ್ಮೆಗೇ ಬಿಡಿ. ಆಗ ಒದ್ದೆಯಾದರೆ ತಪ್ಪು ಚರಂಡಿ ಪೈಪಿನದು. ಆರ್‌ಸಿಸಿ ತಾರಸಿಗೂ ಇದೇ ಕ್ರಮ. ಒಂದು ಇಂಚು ನೀರೆಂದರೆ ಚದರ ಮೀಟರಿಗೆ ಸುಮಾರು 25 ಕಿಲೋ ಭಾರ. ಹಳೆ ಮೈಸೂರು, ಬೆಂಗಳೂರಿನ ಮರದ ತೊಲೆಗಳ ಮದ್ರಾಸ್ ತಾರಸಿಯ ಮೇಲೆ ಈ ಪರೀಕ್ಷೆ ಬೇಡವೇ ಬೇಡ. ಸೂರಿನಲ್ಲಿ ಕಂಬಿಯ ಸಾಲಿಗೇ ಬಿರುಕು ಬಂದು, ಕಂದು ಕಲೆ ಇದ್ದು, ಕಾಂಕ್ರೀಟ್ ಚಕ್ಕೆ ಉದುರುತ್ತಿದ್ದರೆ ಅಲ್ಲಿಯೂ ನೀರು ನಿಲ್ಲಿಸಬೇಡಿ. ಅದು ಕಂಬಿ ತುಕ್ಕು ಹಿಡಿದು ಉಬ್ಬಿರುವ ಲಕ್ಷಣ, ಸ್ಟ್ರಕ್ಚರಲ್ ಇಂಜಿನಿಯರ್ ಖುದ್ದಾಗಿ ಬಂದು ನೋಡಬೇಕಾದದ್ದು. ಫೋಟೋ ನೋಡಿ ಯಾರಾದರೂ ಭರವಸೆ ಕೊಟ್ಟರೆ ನಂಬಬೇಡಿ.

ಕಾರಣ ಸಿಕ್ಕ ಮೇಲೆ ರಿಪೇರಿ ಅಂಥ ಕಷ್ಟದ್ದಲ್ಲ. ಬಚ್ಚಲಿನ ಸೋರಿಕೆ ಎಷ್ಟೋ ಸಲ ಟೈಲ್ಸ್ ಸಂದಿನದೇ ಆಗಿರುತ್ತದೆ. ಸಂದಿಗೆ ತುಂಬಿದ ಹಳೆ ಗ್ರೌಟನ್ನು ಕೆರೆದು ತೆಗೆದು, ಸಂದು ಪೂರ್ತಿ ಒಣಗಿದ ಮೇಲೆ ಎಪಾಕ್ಸಿ ಗ್ರೌಟ್ ತುಂಬಿಸಿ. ಟ್ರ್ಯಾಪಿನ ಸುತ್ತ, ಪೈಪು ಗೋಡೆಯಿಂದ ಹೊರಬರುವ ಜಾಗಗಳನ್ನು ಮರೆಯಬೇಡಿ. ಹಳೆಯದರ ಮೇಲೇ ಬಿಳಿ ಸಿಮೆಂಟ್ ಸವರಿದರೆ ತಿಂಗಳೊಪ್ಪತ್ತಿನಲ್ಲಿ ಕಿತ್ತುಬರುತ್ತದೆ. ಅದರಿಂದಲೂ ನಿಲ್ಲದಿದ್ದರೆ ನೆಲ ಒಡೆದು, ಸ್ಲ್ಯಾಬಿನ ಮೇಲೆಯೇ ವಾಟರ್‌ಪ್ರೂಫಿಂಗ್ ಮಾಡಿ, ಅದನ್ನು ಗೋಡೆಗೂ ಒಂದು ಅಡಿ ಏರಿಸಬೇಕು. ತಾರಸಿಯಲ್ಲಿ ಮೊದಲು ನೋಡಬೇಕಾದದ್ದು ನೆಲ ಮತ್ತು ಪ್ಯಾರಾಪೆಟ್ ಸೇರುವ ಮೂಲೆ, ಮತ್ತೆ ಮಳೆನೀರಿನ ಪೈಪಿನ ಬಾಯಿ. ವಾಟ, ಅಂದರೆ ನೀರು ಹರಿದುಹೋಗುವ ಇಳಿಜಾರು, ನೂರಕ್ಕೆ ಒಂದರಷ್ಟಾದರೂ ಇರಬೇಕು. ಮಳೆ ನಿಂತ ಮೇಲೆ ಎಲ್ಲಿ ಕೊಚ್ಚೆ ನಿಲ್ಲುತ್ತದೋ ಅಲ್ಲಿ ಸುತ್ತ ಸೀಮೆಸುಣ್ಣದಲ್ಲಿ ಗುರುತು ಮಾಡಿಟ್ಟುಕೊಂಡರೆ ಮೇಸ್ತ್ರಿಗೆ ತೋರಿಸುವುದು ಸುಲಭ.

ಒಳಗೋಡೆಯಲ್ಲಿ ಕಲೆಯ ಅಂಚಿನಿಂದ ಒಂದು ಅಡಿ ಆಚೆಯವರೆಗೂ ಪ್ಲಾಸ್ಟರ್ ತೆಗೆಸಿ, ಇಟ್ಟಿಗೆ ಕಾಣಬೇಕು. ಹೊರಬಂದ ಬಿಳಿ ಉಪ್ಪನ್ನು ಒಣ ಬ್ರಷ್‌ನಿಂದ ಉಜ್ಜಿ, ಗುಡಿಸಿ, ಮನೆಯಾಚೆ ಹಾಕಿ. ನೀರಿನಿಂದ ತೊಳೆಯುವುದು ಎಲ್ಲರೂ ಮಾಡುವ ತಪ್ಪು. ಉಪ್ಪು ಕರಗಿ ವಾಪಸ್ ಗೋಡೆಗೇ ಇಳಿಯುತ್ತದೆ. ವಾರಕ್ಕೊಮ್ಮೆಯಂತೆ ನಾಲ್ಕೈದು ಸಲ ಉಜ್ಜಬೇಕಾಗಬಹುದು.

ಇನ್ನು ಒಣಗುವುದು, ಯಾರಿಗೂ ತಾಳ್ಮೆ ಇಲ್ಲದ ಹಂತ. ನೀರು ನಿಂತ ಮೇಲೂ ಗೋಡೆ ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳಂತೆ ಒಣಗುತ್ತದೆ ಎಂಬುದೊಂದು ಒರಟು ಲೆಕ್ಕ. ಒಂಬತ್ತು ಇಂಚಿನ ಗೋಡೆ ಎರಡೂ ಕಡೆಯಿಂದ ಒಣಗಿದರೂ ನಾಲ್ಕೂವರೆ ತಿಂಗಳ ಮಾತು. ಪ್ಲಾಸ್ಟರ್ ತೆಗೆದು, ಕಿಟಕಿ ತೆರೆದು, ಫ್ಯಾನ್ ಹಾಕಿಟ್ಟರೆ ಬೇಗ ಆಗುತ್ತದೆ. ಬಯಲುಸೀಮೆಯಲ್ಲಿ ಫೆಬ್ರುವರಿಯಿಂದ ಏಪ್ರಿಲ್ ಇದಕ್ಕೆ ಒಳ್ಳೆಯ ಕಾಲ. ಕರಾವಳಿ, ಮಲೆನಾಡಿನ ಮುರಕಲ್ಲು ಗೋಡೆಗಳಿಗೆ ಜೂನ್ ನಂತರ ಕೈ ಹಾಕುವುದೇ ವ್ಯರ್ಥ. ಒಣಗಿದೆಯೇ ಎಂದು ತಿಳಿಯಲು ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಒಂದು ದಿನ ಬಿಟ್ಟು ತೆಗೆದಾಗ ಗೋಡೆಯ ಕಡೆಗೆ ಹನಿ ಕಂಡರೆ ಇನ್ನೂ ಕಾಯಬೇಕು. ಹನಿ ಹೊರಗಿನ ಕಡೆ ಇದ್ದರೆ ಅದು ಕೋಣೆಯ ಗಾಳಿಯದು. ಪೇಂಟರ್ ತರುವ ಮಾಯಿಶ್ಚರ್ ಮೀಟರ್ ಉಪಯೋಗಕ್ಕೆ ಬರುತ್ತದೆ, ಆದರೆ ಗೋಡೆಯಲ್ಲಿ ಉಪ್ಪಿದ್ದರೆ ಅದು ಇರುವುದಕ್ಕಿಂತ ಹೆಚ್ಚು ತೇವ ತೋರಿಸುತ್ತದೆ.

ಹೊಸ ಪ್ಲಾಸ್ಟರಿಗೆ ಒಂದು ಪಾಲು ಸಿಮೆಂಟ್, ನಾಲ್ಕು ಪಾಲು ಮರಳು. ದ್ರವ ರೂಪದ ವಾಟರ್‌ಪ್ರೂಫಿಂಗ್ ಕಾಂಪೌಂಡ್ ಸಾಮಾನ್ಯವಾಗಿ 50 ಕಿಲೋ ಮೂಟೆಗೆ 200 ಮಿಲಿ. ಡಬ್ಬಿಯ ಮೇಲೆ ಬರೆದ ಪ್ರಮಾಣವೇ ಅಂತಿಮ. ಹೆಚ್ಚು ಸುರಿದರೆ ಹೆಚ್ಚು ಗಟ್ಟಿಯಾಗುವುದಿಲ್ಲ. ಏಳು ದಿನ ನೀರು ಹಾಕಿ ಕ್ಯೂರಿಂಗ್, ಒಟ್ಟು 28 ದಿನ ಬಿಟ್ಟು ಪ್ರೈಮರ್. ಸುಣ್ಣದ ಗಾರೆಯಲ್ಲಿ ಕಟ್ಟಿದ ಹಳೇ ಮನೆಗೆ ಸಿಮೆಂಟ್ ಪ್ಲಾಸ್ಟರ್ ಹಾಕಬೇಡಿ, ಅದಕ್ಕೆ ಸುಣ್ಣದ ಗಾರೆಯೇ ಸರಿ. ಸಿಮೆಂಟಿನ ಗಟ್ಟಿ ಪದರದ ಹಿಂದೆ ಆ ಗೋಡೆಗಳು ಉಸಿರು ಕಟ್ಟಿದ ಹಾಗಾಗಿ ತೇವವನ್ನು ಒಳಗೇ ಹಿಡಿದಿಡುತ್ತವೆ.

"ಇಷ್ಟೆಲ್ಲ ಮಾಡಲು ಸಮಯವೇ ಇಲ್ಲ, ಮುಂದಿನ ತಿಂಗಳು ಮಗನ ಹತ್ತಿರ ಹೋಗಬೇಕು" ಎನ್ನುವವರ ಕಷ್ಟ ಅರ್ಥವಾಗುತ್ತದೆ. ಪಿಎಫ್ ದುಡ್ಡಿನಲ್ಲಿ ಕಟ್ಟಿದ ಮನೆಯನ್ನು ಬಿಟ್ಟುಹೋಗುವ ಹೊತ್ತಿನಲ್ಲಿ ಗೋಡೆಯ ಉಪ್ಪು ಉಜ್ಜುತ್ತಾ ಕೂರಲು ಯಾರಿಗೆ ಮನಸ್ಸು ಬರುತ್ತದೆ? ಅಂಥವರು ಸೋರುವುದನ್ನು ಮಾತ್ರ ನಿಲ್ಲಿಸಿ, ಪ್ಲಾಸ್ಟರ್ ತೆಗೆದ ಗೋಡೆಯನ್ನು ಹಾಗೆಯೇ ಬಿಡಿ. ಉಳಿದ ಕೋಣೆಗಳಿಗೆ ಬೇಕಾದರೆ ಬಣ್ಣ ಹೊಡೆಸಿ. ನೋಡಲು ಬಂದವರನ್ನು ಮೊದಲು ಆ ಗೋಡೆಯ ಮುಂದೆಯೇ ನಿಲ್ಲಿಸಿ, ಏನಾಗಿತ್ತು, ಯಾವಾಗ ಸರಿ ಮಾಡಿಸಿದಿರಿ ಎಂದು ಹೇಳಿ, ಬಿಲ್ಲು ಮತ್ತು ಫೋಟೋ ತೋರಿಸಿ. ಒಂದು ಗೋಡೆಯ ಪ್ಲಾಸ್ಟರ್ ಮತ್ತು ಬಣ್ಣದ ಖರ್ಚನ್ನು ಬೆಲೆಯಲ್ಲಿ ಬಿಟ್ಟುಕೊಡಿ. ಬೀರುವನ್ನು ಎಳೆದು ಕಲೆಯ ಮುಂದೆ ನಿಲ್ಲಿಸುವುದರಿಂದ ಏನೂ ಪ್ರಯೋಜನವಿಲ್ಲ. ಅನುಭವ ಇರುವ ಕೊಳ್ಳುವವರು ಮೊದಲು ಬಗ್ಗಿ ನೋಡುವುದೇ ಬೀರುವಿನ ಹಿಂದೆ.

ಇದರಲ್ಲಿ ಕಾನೂನೂ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಪ್ರಕಾರ, ತನಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ, ಅವರು ಸಾಧಾರಣ ಎಚ್ಚರಿಕೆಯಿಂದ ನೋಡಿದರೂ ಕಾಣದಂಥ ಮುಖ್ಯ ದೋಷವನ್ನು ಮಾರುವವರು ತಿಳಿಸಬೇಕು. ತಿಳಿಸದಿರುವುದನ್ನು ಅದೇ ಕಲಂ ವಂಚನೆ ಎನ್ನುತ್ತದೆ. ನಿಮ್ಮ ಮನೆಯ ಕಲೆ ಈ ಲೆಕ್ಕಕ್ಕೆ ಬರುತ್ತದೆಯೇ ಎಂಬುದನ್ನು ವಕೀಲರೇ ಹೇಳಬೇಕು. ಫ್ಲಾಟ್ ಆಗಿದ್ದು, ಸ್ವಾಧೀನ ಕೊಟ್ಟು ಐದು ವರ್ಷ ಆಗಿಲ್ಲದಿದ್ದರೆ ಕೈಯಿಂದ ಖರ್ಚು ಮಾಡುವ ಮುನ್ನ ಬಿಲ್ಡರಿಗೆ ಬರೆಯಿರಿ. 2016ರ ರಿಯಲ್ ಎಸ್ಟೇಟ್ (ರೇರಾ) ಕಾಯ್ದೆಯ 14ನೇ ಕಲಂ ಅನ್ವಯಿಸುವ ಯೋಜನೆಯಾದರೆ ಕಟ್ಟಡದ ರಚನೆ ಮತ್ತು ಕೆಲಸದ ದೋಷವನ್ನು ತಿಳಿಸಿದ 30 ದಿನಗಳಲ್ಲಿ ಅವರೇ ಹಣ ಪಡೆಯದೆ ಸರಿಪಡಿಸಬೇಕು. ಮೇಲಿನ ಮನೆಯ ಬಚ್ಚಲು ಸೋರುತ್ತಿದ್ದರೆ ಅಸೋಸಿಯೇಷನ್ನಿಗೆ ಪತ್ರ ಕೊಡುವ ಕೆಲಸ ಎಲ್ಲಕ್ಕಿಂತ ಮೊದಲು. ಮೇಲಿನ ಮನೆಯವರನ್ನು ಒಪ್ಪಿಸುವುದಕ್ಕೇ ರಿಪೇರಿಗಿಂತ ಹೆಚ್ಚು ದಿನ ಹಿಡಿಯುತ್ತದೆ.

ಕೊನೆಯದಾಗಿ, ಮನೆ ಹೊಳೆಯಲೆಂದು ಬಚ್ಚಲನ್ನು ಆಸಿಡ್ ಹಾಕಿ ತೊಳೆಸಬೇಡಿ. ಆಸಿಡ್ ಟೈಲ್ಸ್ ನಡುವಿನ ಸಿಮೆಂಟ್ ಗ್ರೌಟನ್ನು ತಿನ್ನುತ್ತದೆ, ಅದರ ಹೊಗೆ ನಲ್ಲಿಗಳ ಕ್ರೋಮ್ ಕೆಡಿಸುತ್ತದೆ, ಅದುವರೆಗೆ ಸೋರದಿದ್ದ ನೆಲ ಸೋರಲು ಶುರುವಾಗುತ್ತದೆ. ಹಳೆ ಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಅವಸರದಲ್ಲಿ ಟೈಲ್ಸ್ ಕೂರಿಸಬೇಡಿ. ಸೌಮ್ಯ ಸೋಪಿನ ನೀರಿನಲ್ಲಿ ಒರೆಸಿ, ಒಣಗಿಸಿ, ಮೇಣದ ಪಾಲಿಶ್ ತಿಕ್ಕಿದರೆ ಅದೇ ಮನೆಯ ಲಕ್ಷಣ. ಮಳೆಗಾಲದಲ್ಲಿ ಬಿಗಿಯಾದ ಬಾಗಿಲಿಗೆ ಹತ್ತರಿ ಹೊಡೆಸಬೇಡಿ, ಬೇಸಿಗೆಯಲ್ಲಿ ಸಂದು ಬಿಡುತ್ತದೆ. ಮನೆ ಖಾಲಿ ಬಿಟ್ಟಿದ್ದರೆ ಟ್ರ್ಯಾಪಿನ ನೀರು ಆರಿ ಚರಂಡಿ ವಾಸನೆ, ಜಿರಲೆ ಒಳಬರುತ್ತವೆ. ವಾರಕ್ಕೊಮ್ಮೆ ಪ್ರತಿ ಜಾಲರಿಗೂ ಎರಡು ಚೊಂಬು ನೀರು ಹಾಕಿಸಿ. ಊರಿಗೆ ಹೋಗುವುದಿದ್ದರೆ ನೀರಿನ ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟರೆ ಆರುವುದು ನಿಧಾನವಾಗುತ್ತದೆ. ಅಟ್ಟದ ಮೇಲಿರುವ ಉಳಿದ ಟೈಲ್ಸ್, ಗೋಡೆಯ ಬಣ್ಣದ ಶೇಡ್ ನಂಬರ್, ಪೈಪು ಎಲ್ಲಿ ಹಾದುಹೋಗಿದೆ ಎಂಬ ಕೈಬರಹದ ನಕ್ಷೆ, ವಾಟರ್‌ಪ್ರೂಫಿಂಗ್ ಬಿಲ್ಲು, ಎಲ್ಲವನ್ನೂ ಒಂದು ಕಡೆ ಎತ್ತಿಟ್ಟಿರಿ. ಕೀಲಿ ಕೊಡುವ ದಿನ ಅದನ್ನೂ ಹೊಸಬರ ಕೈಗೆ ಕೊಡಿ.