ಹೆಸರು ಬರೆಯಲು ಜಾಗ ಬಿಟ್ಟ ಹಾಳೆ: ಕ್ಷಮಾಪತ್ರದಿಂದ ಯುರೋಪಿನ ಚರ್ಚ್ ಒಡೆದ ಕಥೆ

ತೊಗಲಿನ ಒಂದೇ ಒಂದು ಹಾಳೆ. ಅದರ ಮೇಲೆ ಲ್ಯಾಟಿನ್ ಭಾಷೆಯಲ್ಲಿ 31 ಸಾಲು ಅಚ್ಚಾಗಿದೆ. ನಡುವೆ ಅಲ್ಲಲ್ಲಿ ಖಾಲಿ ಜಾಗ. ಕೊಂಡವರ ಹೆಸರು, ಊರು, ತಾರೀಕು ಅಲ್ಲಿ ಕೈಬರಹದಲ್ಲಿ ತುಂಬಬೇಕು. ನಾವು ಬ್ಯಾಂಕಿನಲ್ಲಿ ಚಲನ್ ತುಂಬುತ್ತೇವಲ್ಲ, ಹೆಚ್ಚುಕಡಿಮೆ ಹಾಗೇ. ಕೊನೆಯಲ್ಲಿ ಎರಡು ಕ್ಷಮೆಯ ಮಾತುಗಳಿವೆ. ಒಂದನ್ನು ಆ ಮನುಷ್ಯ ಬದುಕಿರುವಾಗ ಪಾದ್ರಿ ಹೇಳಬೇಕು. ಇನ್ನೊಂದು ಸಾಯುವ ಹೊತ್ತಿಗೆ. ಹಾಗಾಗಿ ಹಾಳೆಯನ್ನು ಕೊನೆಯ ತನಕ ಜೋಪಾನ ಮಾಡಬೇಕಿತ್ತು.

ಇದು ಕ್ಷಮಾಪತ್ರ. ಗುಟೆನ್‌ಬರ್ಗ್ ಅಚ್ಚುಮೊಳೆಯ ಕೆಲಸ ಶುರು ಮಾಡಿದ ಜರ್ಮನಿಯ ಮೈನ್ಸ್ ಊರಿನಲ್ಲೇ 1454ರಲ್ಲಿ ಅಚ್ಚಾಯಿತು. ಹಿಂದಿನ ವರ್ಷ ಕಾನ್‌ಸ್ಟಾಂಟಿನೋಪಲ್ ತುರ್ಕರ ವಶವಾಗಿತ್ತು. ಸೈಪ್ರಸ್ ದ್ವೀಪವನ್ನಾದರೂ ಉಳಿಸಿಕೊಳ್ಳೋಣ ಅಂತ ಹಣ ಕೂಡಿಸುತ್ತಿದ್ದರು. ಯುರೋಪಿನಲ್ಲಿ ಅಚ್ಚುಮೊಳೆಯಿಂದ ಮುದ್ರಿಸಿದ, ತಾರೀಕು ಖಚಿತವಾಗಿ ಗೊತ್ತಿರುವ ವಸ್ತುಗಳಲ್ಲಿ ಇದೇ ಅತಿ ಹಳೆಯದು. ಹೈಸ್ಕೂಲಿನಲ್ಲಿ ಲೂಥರ್, ಕ್ಷಮಾಪತ್ರ, 1517 ಅಂತ ಒಂದೇ ಉಸಿರಿನಲ್ಲಿ ಬಾಯಿಪಾಠ ಮಾಡಿದ್ದೆವು, ಅಲ್ವಾ? ಆದರೆ ಈ ಹಾಳೆಯ ಕಥೆ ಲೂಥರ್ ಹುಟ್ಟುವ ಎಷ್ಟೋ ಕಾಲ ಮೊದಲೇ ಶುರುವಾಗಿತ್ತು.

ಅದರ ಹಿಂದಿನ ನಂಬಿಕೆಯನ್ನು ಮೊದಲು ನೋಡೋಣ. ಪಾಪನಿವೇದನೆ ಮಾಡಿ ಮನಸಾರೆ ಮರುಗಿದರೆ ದೇವರು ಕ್ಷಮಿಸುತ್ತಾನೆ. ಆದರೆ ಮಾಡಿದ್ದಕ್ಕೆ ಅನುಭವಿಸಬೇಕಾದ ಶಿಕ್ಷೆ ಉಳಿಯುತ್ತದೆ. ಸಾಲ ಮಾಡಿ ಸುಳ್ಳು ಹೇಳಿದವನನ್ನು ಸಾಲ ಕೊಟ್ಟವನು ಮನ್ನಿಸಬಹುದು, ಸಾಲ ತೀರಿಸುವುದು ಮಾತ್ರ ತಪ್ಪುವುದಿಲ್ಲ, ಹಾಗೆ. ಉಪವಾಸ, ಯಾತ್ರೆ, ದಾನ ಮಾಡಿ ತೀರಿಸಬೇಕು. ತೀರದೆ ಉಳಿದದ್ದನ್ನು ಸತ್ತ ಮೇಲೆ ಪರ್ಗಟರಿ ಎಂಬಲ್ಲಿ ಬೆಂದು ತೀರಿಸಬೇಕು. ಈ ಶಿಕ್ಷೆಯಲ್ಲಿ ಚರ್ಚ್ ಕೊಡುವ ರಿಯಾಯಿತಿಯೇ ಕ್ಷಮಾಪತ್ರದ ತಿರುಳು.

1095ರಲ್ಲಿ ಪೋಪ್ ಎರಡನೆಯ ಅರ್ಬನ್, ಧರ್ಮಯುದ್ಧಕ್ಕೆ ಹೊರಟವರಿಗೆ ಈ ರಿಯಾಯಿತಿ ಸಾರಿದರು. ಆಮೇಲೆ, ಯುದ್ಧಕ್ಕೆ ಹೋಗಲಾಗದವರು ಹಣ ಕೊಟ್ಟರೂ ಆದೀತು ಅಂತಾಯಿತು. 1300ರಲ್ಲಿ ರೋಮಿಗೆ ಯಾತ್ರೆ ಬಂದವರಿಗೂ ಸಿಕ್ಕಿತು. 1343ರಲ್ಲಿ ಇದಕ್ಕೊಂದು ಶಾಸ್ತ್ರದ ಆಧಾರ ಬಂತು: ಕ್ರಿಸ್ತನ ಮತ್ತು ಸಂತರ ಪುಣ್ಯ ಒಂದು ಭಂಡಾರದಂತೆ ಕೂಡಿಕೊಂಡಿದೆ, ಅದರಿಂದ ತೆಗೆದು ಹಂಚುವ ಅಧಿಕಾರ ಪೋಪ್‌ಗೆ ಇದೆ. 1476ರಲ್ಲಿ ಪೋಪ್ ನಾಲ್ಕನೆಯ ಸಿಕ್ಸ್ಟಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪರ್ಗಟರಿಯಲ್ಲಿರುವ ಸತ್ತವರಿಗೂ ಇದನ್ನು ಪಡೆಯಬಹುದು ಅಂದರು.

ನನ್ನ ಮಟ್ಟಿಗೆ ಇಡೀ ಕಥೆ ತಿರುಗುವುದು ಇಲ್ಲಿ. ಅಲ್ಲಿಯವರೆಗೆ ಜನ ತಮಗಾಗಿ ಹೆದರುತ್ತಿದ್ದರು. ಇನ್ನು ಮೇಲೆ ಸತ್ತ ಅಪ್ಪ ಅಮ್ಮನಿಗಾಗಿ, ಮಣ್ಣು ಮಾಡಿದ ಮಗುವಿಗಾಗಿ ಕೈಚೀಲ ಬಿಚ್ಚತೊಡಗಿದರು. ಆ ಜನರನ್ನು ಪೆದ್ದರು ಅನ್ನಲು ನನಗೆ ಮನಸ್ಸು ಬರುವುದಿಲ್ಲ. ತಾಯಿ ಬೆಂಕಿಯಲ್ಲಿ ಬೇಯುತ್ತಿದ್ದಾಳೆ, ನೀನು ಮನಸ್ಸು ಮಾಡಿದರೆ ಬಿಡಿಸಬಹುದು ಅಂತ ಊರಿನ ದೊಡ್ಡವರೇ ಹೇಳಿದರೆ ಯಾರು ಸುಮ್ನೆ ಕೂತಾರು?

ವಿರೋಧ ಇರಲಿಲ್ಲ ಅಂತಲ್ಲ. 1412ರಲ್ಲಿ ಪ್ರಾಗ್ ನಗರದಲ್ಲಿ ಯಾನ್ ಹುಸ್ ಎಂಬ ಪಾದ್ರಿ ಕ್ಷಮಾಪತ್ರದ ವಿರುದ್ಧ ಎದ್ದು ನಿಂತ. ಅಲ್ಲಿ ಪ್ರತಿಭಟಿಸಿದ ಮೂವರು ಯುವಕರ ತಲೆ ಕಡಿದರು. ಹುಸ್‌ನನ್ನು 1415ರ ಜುಲೈ 6ರಂದು ಕಾನ್‌ಸ್ಟನ್ಸ್ ಊರಿನಲ್ಲಿ ಜೀವಂತ ಸುಟ್ಟರು. ಆಗ ಅಚ್ಚುಕೂಟ ಇರಲಿಲ್ಲ. ಮಾತು ಹರಡಲು ಬಾಯಿ ಬೇಕಿತ್ತು, ಇಲ್ಲವೇ ಒಂದೊಂದೇ ಪ್ರತಿ ಬರೆಯುವ ಕೈ.

ನೂರು ವರ್ಷದ ನಂತರದ ಲೆಕ್ಕವೇ ಬೇರೆ. ಮೈನ್ಸ್‌ನ ಆರ್ಚ್‌ಬಿಷಪ್ ಪಟ್ಟ ಹತ್ತು ವರ್ಷದಲ್ಲಿ ಮೂರು ಸಲ ತೆರವಾಯಿತು: 1504, 1508, 1514. ಪ್ರತಿ ಸಲವೂ ರೋಮಿಗೆ ದೊಡ್ಡ ಮೊತ್ತದ ಶುಲ್ಕ ಕಟ್ಟಬೇಕು. 1514ರಲ್ಲಿ ಆ ಪಟ್ಟಕ್ಕೆ ಬಂದವನು ಬ್ರಾಂಡೆನ್‌ಬರ್ಗ್ ಮನೆತನದ ಆಲ್ಬ್ರೆಕ್ಟ್. ವಯಸ್ಸು 24. ನಿಯಮದ ಪ್ರಕಾರ ಬಿಷಪ್ ಆಗಲು 30 ಆಗಿರಬೇಕು. ಅವನ ಕೈಯಲ್ಲಿ ಮಾಗ್ಡೆಬರ್ಗ್‌ನ ಪಟ್ಟ ಆಗಲೇ ಇತ್ತು. ಎರಡನ್ನೂ ಇಟ್ಟುಕೊಳ್ಳಲು ವಿಶೇಷ ಅನುಮತಿ ಬೇಕು. ಅದಕ್ಕೆ ಪ್ರತ್ಯೇಕ ಹಣ. ಅಷ್ಟು ದುಡ್ಡು ಅವನಲ್ಲಿ ಎಲ್ಲಿತ್ತು? ಆಗ್ಸ್‌ಬರ್ಗ್‌ನ ಸಾಹುಕಾರ ಫುಗ್ಗರ್ ಮನೆತನದಿಂದ ಸಾಲ ತೆಗೆದ.

ಸಾಲ ತೀರಿಸುವ ದಾರಿಯೂ ಸಿಕ್ಕಿತು. ರೋಮಿನಲ್ಲಿ ಸಂತ ಪೇತ್ರರ ಹೊಸ ದೇವಾಲಯಕ್ಕೆ 1506ರಲ್ಲೇ ಅಡಿಗಲ್ಲು ಬಿದ್ದಿತ್ತು. ಅದಕ್ಕಾಗಿ ಕ್ಷಮಾಪತ್ರ ಹಂಚಲು ಪೋಪ್ ಹತ್ತನೆಯ ಲಿಯೋ ಒಪ್ಪಿಗೆ ಕೊಟ್ಟರು. ಬಂದ ಹಣದಲ್ಲಿ ಅರ್ಧ ದೇವಾಲಯಕ್ಕೆ, ಅರ್ಧ ಫುಗ್ಗರ್ ಸಾಲಕ್ಕೆ. ಹಳ್ಳಿಯವರಿಗೆ ಹೇಳಿದ್ದು ದೇವಾಲಯದ ಕಥೆ ಮಾತ್ರ. ಇದನ್ನು ಓದುವಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ವಸೂಲಿಯ ಮುಂದಾಳು ಯೋಹಾನ್ ಟೆಟ್ಜೆಲ್ ಎಂಬ ಡೊಮಿನಿಕನ್ ಪಂಥದ ಸಂನ್ಯಾಸಿ. ಊರಿಗೆ ಅವನು ಬಂದರೆ ಗಂಟೆ ಬಾರಿಸಿ, ಮೆರವಣಿಗೆಯಲ್ಲಿ ಕರೆದೊಯ್ಯುತ್ತಿದ್ದರು. ಚರ್ಚಿನ ಒಳಗೆ ಶಿಲುಬೆ ನೆಟ್ಟು, ಪೋಪ್ ಲಾಂಛನದ ಬಾವುಟ ಕಟ್ಟಿ, ಪಕ್ಕದಲ್ಲಿ ಹಣದ ಪೆಟ್ಟಿಗೆ ಇಡುತ್ತಿದ್ದರು. ಲೆಕ್ಕ ನೋಡಿಕೊಳ್ಳಲು ಫುಗ್ಗರ್ ಮನೆಯ ಗುಮಾಸ್ತರು ಇರುತ್ತಿದ್ದರು. ದರವೂ ಅಂತಸ್ತಿಗೆ ತಕ್ಕಂತೆ. ರಾಜ ರಾಣಿಯರಿಗೆ 25 ಚಿನ್ನದ ಗಿಲ್ಡರ್, ಕೆಳಗೆ ಇಳಿದಂತೆ ಕಡಿಮೆ. ಏನೂ ಇಲ್ಲದ ಬಡವರು ಉಪವಾಸ, ಪ್ರಾರ್ಥನೆ ಮಾಡಿದರೆ ಸಾಕು ಅಂತ ಆಲ್ಬ್ರೆಕ್ಟ್‌ನ ಸುತ್ತೋಲೆಯಲ್ಲೇ ಬರೆದಿತ್ತು. ಅದನ್ನೂ ಹೇಳಬೇಕು, ನ್ಯಾಯ ನ್ಯಾಯವೇ. ಆದರೆ ಜನರ ಕಿವಿಯಲ್ಲಿ ಉಳಿದದ್ದು ಬೇರೆ ಮಾತು: ಪೆಟ್ಟಿಗೆಯಲ್ಲಿ ನಾಣ್ಯ ಠಣ್ ಅಂದರೆ ಆತ್ಮ ಪರ್ಗಟರಿಯಿಂದ ಹಾರಿತು.

ಸ್ಯಾಕ್ಸನಿಯ ದೊರೆ ಫ್ರೆಡ್ರಿಕ್ ತನ್ನ ಸೀಮೆಯಲ್ಲಿ ಟೆಟ್ಜೆಲ್‌ಗೆ ಕಾಲಿಡಲು ಬಿಡಲಿಲ್ಲ. ಭಕ್ತಿಯ ಪ್ರಶ್ನೆಗಿಂತ ಹಣ ಹೊರಗೆ ಹೋಗುತ್ತದೆ ಎಂಬ ಚಿಂತೆ ಅದರಲ್ಲಿ ಜಾಸ್ತಿ ಇತ್ತು. ಅವನ ವಿಟ್ಟೆನ್‌ಬರ್ಗ್ ಕೋಟೆಯ ಚರ್ಚಿನಲ್ಲೇ ಸಾವಿರಾರು ಪವಿತ್ರ ಅವಶೇಷಗಳಿದ್ದವು, ಅವುಗಳ ದರ್ಶನಕ್ಕೂ ಕ್ಷಮೆ ಇತ್ತು. ವಿಟ್ಟೆನ್‌ಬರ್ಗ್ ಜನ ಗಡಿ ದಾಟಿ ಯೂಟರ್‌ಬೋಗ್ ಊರಿಗೆ ಹೋಗಿ ಪತ್ರ ತಂದರು. ತಂದು ತೋರಿಸಿದ್ದು ತಮ್ಮ ಪಾಪನಿವೇದನೆ ಕೇಳುತ್ತಿದ್ದ ಪಾದ್ರಿ ಮಾರ್ಟಿನ್ ಲೂಥರನಿಗೆ. ಪತ್ರ ಇದೆ, ಇನ್ನು ಮರುಗುವುದು ಯಾಕೆ ಎಂಬಂತೆ ಕೆಲವರು ಮಾತಾಡಿದಾಗ ಅವನಿಗೆ ದಿಗಿಲಾಯಿತು.

1517ರ ಅಕ್ಟೋಬರ್ 31ರಂದು ಅವನು ಬರೆದದ್ದು ಆಲ್ಬ್ರೆಕ್ಟ್‌ಗೆ ಒಂದು ಪತ್ರ. ಜೊತೆಗೆ ಚರ್ಚೆಗೆಂದು ಲ್ಯಾಟಿನ್‌ನಲ್ಲಿ 95 ಅಂಶಗಳು. ಚರ್ಚಿನ ಬಾಗಿಲಿಗೆ ಮೊಳೆ ಹೊಡೆದ ಚಿತ್ರವನ್ನು ಎಲ್ಲರೂ ನೋಡಿದ್ದೇವೆ. ಅದರ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಪತ್ರ ಮಾತ್ರ ನಿಜ, ಈಗಲೂ ಸ್ಟಾಕ್‌ಹೋಮ್‌ನಲ್ಲಿದೆ. ಆ 95ರಲ್ಲಿ ನನ್ನನ್ನು ತಟ್ಟುವುದು 45ನೆಯದು: ಕಷ್ಟದಲ್ಲಿರುವವನನ್ನು ಕಂಡೂ ಕಾಣದಂತೆ ಹೋಗಿ ಕ್ಷಮಾಪತ್ರಕ್ಕೆ ಹಣ ಸುರಿಯುವವನು ಕೊಳ್ಳುವುದು ದೇವರ ಸಿಟ್ಟನ್ನೇ. 82ನೆಯದು ಊರಿನವರು ಕೇಳುತ್ತಿದ್ದ ಪ್ರಶ್ನೆ: ಪೋಪ್ ಕೈಯಲ್ಲಿ ಆಗುವುದಾದರೆ, ಬರೀ ಪ್ರೀತಿಯಿಂದಲೇ ಪರ್ಗಟರಿಯನ್ನು ಯಾಕೆ ಖಾಲಿ ಮಾಡಬಾರದು?

ಹುಸ್‌ಗೆ ಇಲ್ಲದ್ದು ಲೂಥರನಿಗೆ ಸಿಕ್ಕಿತು. ಆ ವರ್ಷ ಮುಗಿಯುವುದರೊಳಗೆ ನ್ಯೂರೆಂಬರ್ಗ್, ಲೈಪ್‌ಜಿಗ್, ಬಾಸೆಲ್ ಊರುಗಳಲ್ಲಿ 95 ಅಂಶಗಳು ಅಚ್ಚಾದವು. 1518ರಲ್ಲಿ ಅವನು ಅದೇ ವಿಷಯವನ್ನು ಜರ್ಮನ್‌ನಲ್ಲಿ, ಗಾಡಿ ಹೊಡೆಯುವವನಿಗೂ ತಿಳಿಯುವ ಹಾಗೆ, ಕೆಲವೇ ಪುಟಗಳಲ್ಲಿ ಬರೆದ. ಅದು ಮತ್ತೆ ಮತ್ತೆ ಅಚ್ಚಾಯಿತು. ಕ್ಷಮಾಪತ್ರವನ್ನು ಸಾವಿರಗಟ್ಟಲೆ ಹೊರತಂದ ಯಂತ್ರವೇ ಅದರ ವಿರುದ್ಧದ ಮಾತನ್ನೂ ಮನೆಮನೆಗೆ ಮುಟ್ಟಿಸಿತು. ಆ ಬಾಸೆಲ್ ನಮ್ಮ ಕರಾವಳಿಯವರಿಗೆ ಗೊತ್ತಿರುವ ಹೆಸರು. 1529ರಲ್ಲಿ ಆ ಊರು ರೋಮನ್ನು ಬಿಟ್ಟು ಚರ್ಚ್ ಸುಧಾರಣೆಯ ಪಕ್ಷಕ್ಕೆ ಬಂತು. ಅಲ್ಲಿ 1815ರಲ್ಲಿ ಹುಟ್ಟಿದ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದು, 1841ರಲ್ಲಿ ಅಚ್ಚುಕೂಟ ತೆರೆಯಿತು. ಕನ್ನಡದ ಮೊದಲ ಪತ್ರಿಕೆ 1843ರಲ್ಲಿ ಹೊರಟದ್ದು ಆ ಮಿಷನ್‌ನ ಹರ್ಮನ್ ಮೋಗ್ಲಿಂಗ್ ಕೈಯಿಂದ.

ಮುಂದಿನದು ಬೇಗ ಬೇಗ ನಡೆಯಿತು. 1520ರ ಡಿಸೆಂಬರ್‌ನಲ್ಲಿ ಲೂಥರ್ ತನ್ನನ್ನು ಖಂಡಿಸಿದ ಪೋಪ್ ಆಜ್ಞೆಯನ್ನು ಬೆಂಕಿಗೆ ಹಾಕಿದ. 1521ರಲ್ಲಿ ಚರ್ಚಿನಿಂದ ಬಹಿಷ್ಕಾರ, ವರ್ಮ್ಸ್ ಊರಿನ ಸಭೆಯಲ್ಲಿ ಚಕ್ರವರ್ತಿಯ ಮುಂದೆ ವಿಚಾರಣೆ. 1522ರಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆಗೆ ಅವನ ಜರ್ಮನ್ ಅನುವಾದ. ಅಷ್ಟರಲ್ಲಿ ಪ್ರಶ್ನೆ ಕ್ಷಮಾಪತ್ರವನ್ನು ಬಿಟ್ಟು, ಧರ್ಮದ ಮಾತಿನಲ್ಲಿ ಕೊನೆಯ ಅಧಿಕಾರ ಯಾರದು ಎಂಬಲ್ಲಿಗೆ ಬಂದಿತ್ತು.

ರೈತರೂ ಅದೇ ಪ್ರಶ್ನೆ ಕೇಳಿದರು. 1525ರಲ್ಲಿ ಮೆಮ್ಮಿಂಗೆನ್ ಊರಿನಲ್ಲಿ ಹನ್ನೆರಡು ಬೇಡಿಕೆ ಬರೆದರು: ನಮ್ಮ ಪಾದ್ರಿಯನ್ನು ನಾವೇ ಆರಿಸುತ್ತೇವೆ, ಕಾಡಿನ ಸೌದೆ, ಹೊಳೆಯ ಮೀನು ನಮಗೂ ಸೇರಬೇಕು, ಕ್ರಿಸ್ತ ಎಲ್ಲರಿಗಾಗಿ ರಕ್ತ ಹರಿಸಿದ್ದರಿಂದ ನಾವು ಯಾರ ಜೀತದಾಳುಗಳೂ ಅಲ್ಲ. ದಂಗೆ ಎದ್ದಾಗ ಲೂಥರ್ ದೊರೆಗಳ ಪಕ್ಷ ಹಿಡಿದು, ದಂಗೆ ಎದ್ದವರನ್ನು ಕೊಲ್ಲಿ ಅಂತಲೇ ಬರೆದ. ಹತ್ತಾರು ಸಾವಿರ ರೈತರು ಸತ್ತರು. 45ನೆಯ ಅಂಶ ಬರೆದ ಕೈ ಇದನ್ನೂ ಬರೆಯಿತಲ್ಲ ಅಂತ ನನಗೆ ಈಗಲೂ ಸಂಕಟವಾಗುತ್ತದೆ.

ಟೆಟ್ಜೆಲ್ 1519ರಲ್ಲೇ ಲೈಪ್‌ಜಿಗ್‌ನಲ್ಲಿ ಕಾಯಿಲೆ ಬಿದ್ದು ತೀರಿಕೊಂಡಿದ್ದ. ಕೊನೆಗಾಲದಲ್ಲಿ ಅವನ ಹೆಸರು ಕೆಟ್ಟಿತ್ತು. ಆದರೂ ಲೂಥರ್ ಅವನಿಗೆ ಒಂದು ಸಮಾಧಾನದ ಪತ್ರ ಬರೆದ. ಕೊರಗಬೇಡ, ಇದು ನಿನ್ನಿಂದ ಶುರುವಾದದ್ದಲ್ಲ, ಈ ಕೂಸಿನ ಅಪ್ಪ ಬೇರೆ ಅಂದ.

ರೋಮ್ ಕೂಡ ತನ್ನ ಮನೆ ಸರಿಪಡಿಸಿಕೊಂಡಿತು, ಆದರೆ ತಡವಾಗಿ. ಟ್ರೆಂಟ್ ಊರಿನಲ್ಲಿ ಬಿಷಪ್‌ಗಳ ಮಹಾಸಭೆ 1545ರಲ್ಲಿ ಸೇರಿ, ನಡುನಡುವೆ ನಿಂತು, 1563ರಲ್ಲಿ ಮುಗಿಯಿತು. ಕ್ಷಮಾದಾನ ಇರಲಿ, ಅದರ ಹೆಸರಿನಲ್ಲಿ ದುಡ್ಡು ಮಾಡುವುದು ನಿಲ್ಲಲಿ ಅಂತ ಅದರ ಕೊನೆಯ ಬೈಠಕ್ಕಿನಲ್ಲಿ ತೀರ್ಮಾನವಾಯಿತು. 1567ರಲ್ಲಿ ಪೋಪ್ ಐದನೆಯ ಪಿಯುಸ್ ಹಣ ಕೊಟ್ಟು ಪಡೆಯುವ ಕ್ಷಮಾದಾನಗಳನ್ನೆಲ್ಲ ರದ್ದು ಮಾಡಿದರು. ಹಣವಿಲ್ಲದ ಕ್ಷಮಾದಾನ ಕ್ಯಾಥೊಲಿಕ್ ಚರ್ಚಿನಲ್ಲಿ ಇವತ್ತಿಗೂ ಇದೆ.

ಸಂತ ಪೇತ್ರರ ದೇವಾಲಯದ ಪ್ರತಿಷ್ಠೆ ನಡೆದದ್ದು 1626ರ ನವೆಂಬರ್ 18ರಂದು, ಅಡಿಗಲ್ಲು ಬಿದ್ದ 120 ವರ್ಷಕ್ಕೆ. ಅಷ್ಟು ಹೊತ್ತಿಗೆ ವಿಟ್ಟೆನ್‌ಬರ್ಗ್, ಜ್ಯೂರಿಕ್, ಲಂಡನ್, ಸ್ಟಾಕ್‌ಹೋಮ್ ಯಾವುದೂ ರೋಮಿನ ಜೊತೆಗಿರಲಿಲ್ಲ. ಯೂಟರ್‌ಬೋಗ್‌ನಲ್ಲಿ ಪೆಟ್ಟಿಗೆಗೆ ನಾಣ್ಯ ಹಾಕಿದ್ದವರ ಮೊಮ್ಮಕ್ಕಳು ಲೂಥರನ್ ಚರ್ಚಿಗೆ ಹೋಗುತ್ತಿದ್ದರು. ಜರ್ಮನಿಯಲ್ಲಿ ಕ್ಯಾಥೊಲಿಕರು, ಪ್ರಾಟೆಸ್ಟಂಟರ ನಡುವೆ ಹೊತ್ತಿಕೊಂಡ ಮೂವತ್ತು ವರ್ಷಗಳ ಯುದ್ಧ ಶುರುವಾಗಿ ಎಂಟು ವರ್ಷ ಕಳೆದಿತ್ತು.