ಹದಿನೈದು ಗೆಲುವು, ಹದಿನೈದು ಸೋಲು: ಎನ್‌ಬಿಎ ಋತುವಿನ ಆರಂಭವನ್ನು ಓದುವ ಬಗೆ

ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯಲ್ಲಿ, 2024ರ ನವೆಂಬರ್ ಮಧ್ಯಭಾಗದಲ್ಲಿ ಕ್ಲೀವ್‌ಲ್ಯಾಂಡ್ ಕ್ಯಾವಲಿಯರ್ಸ್ ತಂಡವು ತಾನಾಡಿದ ಮೊದಲ 15 ಪಂದ್ಯಗಳನ್ನೂ ಗೆದ್ದು ನಿಂತಿತ್ತು. ಡಿಸೆಂಬರ್‌ನ ಎರಡನೆಯ ವಾರಕ್ಕೆ ಇಂಡಿಯಾನಾ ಪೇಸರ್ಸ್ ತಂಡವು 25 ಪಂದ್ಯಗಳಲ್ಲಿ 15ನ್ನು ಸೋತಿತ್ತು. ಒಂದು ಆ ಋತುವಿನ ಅಚ್ಚರಿಯೆಂದೂ ಮತ್ತೊಂದು ನಿರಾಸೆಯೆಂದೂ ಎಲ್ಲೆಡೆ ದಾಖಲಾಯಿತು. 2025ರ ಮೇ ತಿಂಗಳಲ್ಲಿ ಪ್ಲೇ ಆಫ್‌ನ, ಅಂದರೆ ಋತುವಿನ ಕೊನೆಯ ನಾಕೌಟ್ ಹಂತದ, ಎರಡನೆಯ ಸುತ್ತಿನಲ್ಲಿ ಇವೆರಡೂ ಎದುರಾದಾಗ ಗರಿಷ್ಠ ಏಳು ಪಂದ್ಯಗಳ ಸರಣಿಯನ್ನು ಪೇಸರ್ಸ್ 4–1ರಿಂದ ಗೆದ್ದಿತು. ಅಲ್ಲಿಂದ ಮುಂದೆ ಫೈನಲ್ ತಲುಪಿ, ಒಕ್ಲಹೋಮ ಸಿಟಿ ಥಂಡರ್ ವಿರುದ್ಧ ಏಳನೆಯ ಪಂದ್ಯದವರೆಗೂ ಹೋರಾಡಿತು.

ಪಂದ್ಯಗಳ ದೃಶ್ಯಗಳನ್ನೂ ಅಂಕಿಅಂಶಗಳನ್ನೂ ಒಟ್ಟಿಗೆ ಇಟ್ಟುಕೊಂಡು ವಿಶ್ಲೇಷಿಸುವುದು ನನ್ನ ವೃತ್ತಿ. ಋತು ಆರಂಭವಾಗುವ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ, ಇಂಥ ಆಟಗಾರನ ಕಥೆ ಮುಗಿಯಿತೇ ಅಥವಾ ಇಂಥ ತಂಡ ನಿಜಕ್ಕೂ ಇಷ್ಟು ಚೆನ್ನಾಗಿದೆಯೇ ಎಂಬುದು. ಚೆಂಡು ಬುಟ್ಟಿಗೆ ಬಿತ್ತೋ ಇಲ್ಲವೋ ಎಂಬುದಕ್ಕೆ ಆ ದಿನಗಳಲ್ಲಿ ನಾನು ಕಡಿಮೆ ಬೆಲೆ ಕೊಡುತ್ತೇನೆ. ಎಸೆತ ಅಂಗಳದ ಯಾವ ಜಾಗದಿಂದ, ಯಾರ ಪಾಸ್‌ನಿಂದ, ಎಷ್ಟು ಬಿಡುವಿನಲ್ಲಿ ಹುಟ್ಟಿತು ಎಂಬುದಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ.

ಬುಟ್ಟಿಯಿಂದ ದೂರದ ಗೆರೆಯಾಚೆಯಿಂದ ಎಸೆಯುವ ಮೂರು ಅಂಕದ ಎಸೆತವನ್ನೇ ನೋಡೋಣ. ದೀರ್ಘಕಾಲದಲ್ಲಿ ನೂರಕ್ಕೆ 36ನ್ನು ಬುಟ್ಟಿಗೆ ಹಾಕುವ, ಅಂದರೆ ಲೀಗ್‌ನ ಸರಾಸರಿಗೆ ಸಮೀಪದ ಆಟಗಾರನೊಬ್ಬ ಪಂದ್ಯಕ್ಕೆ 6 ಎಸೆತಗಳಂತೆ ಮೊದಲ 10 ಪಂದ್ಯಗಳಲ್ಲಿ 60 ಬಾರಿ ಎಸೆದನೆಂದುಕೊಳ್ಳಿ. ಅವನ ಕೌಶಲ ಕೂದಲೆಳೆಯಷ್ಟೂ ಬದಲಾಗದಿದ್ದರೂ, ಬರೀ ಸಂಭವದ ಏರಿಳಿತದಿಂದಲೇ ಅವನ ಪ್ರಮಾಣ ಶೇ 30ರಿಂದ ಶೇ 42ರ ನಡುವೆ ಎಲ್ಲಿಯಾದರೂ ಇರಬಹುದು. ಹೆಚ್ಚುಕಡಿಮೆ ಮೂರರಲ್ಲಿ ಒಂದು ಸಲ ಆ ವ್ಯಾಪ್ತಿಯನ್ನೂ ದಾಟಿಹೋಗುತ್ತದೆ. ಶೇ 30 ಎಂದರೆ ಪತ್ರಿಕೆಗಳಲ್ಲಿ ಕುಸಿತ, ಶೇ 42 ಎಂದರೆ ಉದಯ. ಋತುವಿನ 82 ಪಂದ್ಯಗಳೂ ಮುಗಿದು ಎಸೆತಗಳ ಸಂಖ್ಯೆ 490 ದಾಟಿದಾಗ ಅದೇ ಏರಿಳಿತ ಶೇ 34ರಿಂದ 38ರ ಆಸುಪಾಸಿಗೆ ಕುಗ್ಗುತ್ತದೆ. ಎದುರಾಳಿಗಳ ಎಸೆತಕ್ಕೂ ಇದೇ ಲೆಕ್ಕ ಸಲ್ಲುವುದರಿಂದ, ಒಂದು ತಂಡದ ರಕ್ಷಣೆ ಅದ್ಭುತವೆಂದು ನವೆಂಬರ್‌ನಲ್ಲಿ ತೋರಿದಾಗ ಅದರಲ್ಲಿ ಎಷ್ಟು ಪಾಲು ಎದುರಾಳಿಗಳ ಗುರಿ ತಪ್ಪಿದ್ದರ ಫಲವೆಂದು ನಾನು ಮೊದಲು ಬೇರ್ಪಡಿಸಿ ನೋಡುತ್ತೇನೆ.

ಇದಕ್ಕೆ ಕ್ಲೇ ಥಾಂಪ್ಸನ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2018–19ರ ಋತುವಿನ ಮೊದಲ 7 ಪಂದ್ಯಗಳಲ್ಲಿ ಗೋಲ್ಡನ್ ಸ್ಟೇಟ್ ವಾರಿಯರ್ಸ್‌ನ ಈ ಶ್ರೇಷ್ಠ ಎಸೆತಗಾರ 36 ಮೂರು ಅಂಕದ ಪ್ರಯತ್ನಗಳಲ್ಲಿ 5ನ್ನು ಮಾತ್ರ ಬುಟ್ಟಿಗೆ ಹಾಕಿದ್ದರು. ಆದರೆ ಪರದೆಯ, ಅಂದರೆ ಎದುರಾಳಿಯನ್ನು ತಡೆಯಲು ಅಡ್ಡ ನಿಂತ ಜೊತೆಗಾರನ, ಹಿಂದಿನಿಂದ ಹೊರಬರುವ ವೇಗ, ಎಸೆಯುವ ಜಾಗ, ಕೈಯ ಚಲನೆ ಎಲ್ಲವೂ ಹಿಂದಿನಂತೆಯೇ ಇದ್ದವು. ಎಂಟನೆಯ ಪಂದ್ಯದಲ್ಲಿ, ಶಿಕಾಗೊ ಬುಲ್ಸ್ ವಿರುದ್ಧ, ಅವರು 24 ಪ್ರಯತ್ನಗಳಲ್ಲಿ 14ನ್ನು ಹಾಕಿ ಒಂದೇ ಪಂದ್ಯದ ಲೀಗ್ ದಾಖಲೆಯನ್ನು ಬರೆದರು. ಎಂಟೂ ಪಂದ್ಯಗಳನ್ನು ಕೂಡಿಸಿದರೆ 60ಕ್ಕೆ 19. ಅಂದರೆ ದುಃಸ್ವಪ್ನದ ಏಳು ಪಂದ್ಯ ಮತ್ತು ಕನಸಿನ ಒಂದು ಪಂದ್ಯ ಸೇರಿ, ಅವರ ಮಟ್ಟಕ್ಕೆ ಕೊಂಚ ಕಡಿಮೆಯೆನ್ನಬಹುದಾದ ಸಾಧಾರಣ ಆರಂಭ. ಋತುವಿನ ಕೊನೆಗೆ ಅವರ ಪ್ರಮಾಣ ಶೇ 40ರ ಮೇಲಿತ್ತು.

ಹಾಗೆಂದು ಆರಂಭದ ಪಂದ್ಯಗಳು ಏನನ್ನೂ ಹೇಳುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಆಟಗಾರನ ಪಾತ್ರ ಬದಲಾಗಿದ್ದರೆ ಅದು ಮೊದಲ ವಾರದಲ್ಲೇ ಕಾಣುತ್ತದೆ, ಏಕೆಂದರೆ ಪಾತ್ರವನ್ನು ಕೋಚ್ ನಿರ್ಧರಿಸುತ್ತಾರೆ, ಅದೃಷ್ಟವಲ್ಲ. ಚೆಂಡು ಎಷ್ಟು ಹೊತ್ತು ಅವನ ಕೈಯಲ್ಲಿರುತ್ತದೆ, ಬುಟ್ಟಿಯ ಬಳಿಗೆ ಎಷ್ಟು ಬಾರಿ ನುಗ್ಗುತ್ತಾನೆ, ಎದುರಾಳಿಯ ತಪ್ಪಿಗೆ ಸಿಗುವ ಫ್ರೀ ಥ್ರೋಗಳನ್ನು ಎಷ್ಟು ಗಳಿಸುತ್ತಾನೆ ಎಂಬ ಎಣಿಕೆಗಳು ಎಸೆತದ ಯಶಸ್ಸಿಗಿಂತ ಬಹಳ ಬೇಗ ನೆಲೆಗೊಳ್ಳುತ್ತವೆ. 2022–23ರ ಯೂಟಾ ಜಾಜ್ ತಂಡದಲ್ಲಿ ಇದರ ಎರಡೂ ಮುಖಗಳು ಒಂದೇ ತಿಂಗಳಲ್ಲಿ ಕಾಣಿಸಿದವು. ತನ್ನ ತಾರೆಯರಾದ ರೂಡಿ ಗೋಬೇರ್ ಮತ್ತು ಡೊನೊವನ್ ಮಿಚೆಲ್ ಇಬ್ಬರನ್ನೂ ಬಿಟ್ಟುಕೊಟ್ಟಿದ್ದ ಆ ತಂಡ ತಳಕ್ಕಿಳಿಯುತ್ತದೆಂದು ಎಲ್ಲರೂ ನಂಬಿದ್ದಾಗ, ಅದು ಮೊದಲ 13 ಪಂದ್ಯಗಳಲ್ಲಿ 10ನ್ನು ಗೆದ್ದಿತು. ಫೆಬ್ರುವರಿಯಲ್ಲಿ ಮತ್ತಷ್ಟು ಅನುಭವಿ ಆಟಗಾರರು ಹೊರಹೋಗುವ ಮೊದಲೇ ಜಾರುವಿಕೆ ಆರಂಭವಾಗಿ, ಕೊನೆಗೆ 37 ಗೆಲುವು, 45 ಸೋಲಿಗೆ ನಿಂತಿತು. ತಂಡದ ಅಚ್ಚರಿ ನಿಲ್ಲಲಿಲ್ಲ. ಆದರೆ ಅದೇ ತಂಡದ ಲೌರಿ ಮಾರ್ಕನೆನ್ ತಂದ ಅಚ್ಚರಿ ನಿಂತಿತು. ಹಿಂದಿನ ಋತುವಿನಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ ಇಬ್ಬರು ಎತ್ತರದ ಜೊತೆಗಾರರ ಪಕ್ಕದಲ್ಲಿ ಬದಿಯ ಎಸೆತಗಾರನಾಗಿ ಪಂದ್ಯಕ್ಕೆ 14.8 ಅಂಕ ಗಳಿಸಿದ್ದವರು, ಯೂಟಾದಲ್ಲಿ ಆಕ್ರಮಣದ ಕೇಂದ್ರವಾಗಿ 25.6 ಅಂಕ ಗಳಿಸಿ, ಅತಿ ಹೆಚ್ಚು ಸುಧಾರಿಸಿದ ಆಟಗಾರ ಪ್ರಶಸ್ತಿ ಪಡೆದರು. ಅವರ ಏರಿಕೆಗೆ ಬೆರಳಿಟ್ಟು ತೋರಿಸಬಹುದಾದ ಕಾರಣವಿತ್ತು.

ತಂಡಗಳ ವಿಷಯದಲ್ಲಿ ನಾನು ಗೆಲುವು ಸೋಲುಗಳಿಗೆ ಮೊದಲು ಅಂಕಗಳ ಅಂತರವನ್ನು ನೋಡುತ್ತೇನೆ. 2010ರಲ್ಲಿ ಲೆಬ್ರಾನ್ ಜೇಮ್ಸ್ ಮತ್ತು ಕ್ರಿಸ್ ಬಾಷ್ ಅವರು ಡ್ವೇನ್ ವೇಡ್ ಜೊತೆ ಸೇರಿದ ಮಯಾಮಿ ಹೀಟ್ 9 ಗೆದ್ದು 8 ಸೋತಾಗ ಎದ್ದ ಗದ್ದಲ ಈಗಲೂ ಹಲವರಿಗೆ ನೆನಪಿದೆ. ಆದರೆ ಅವರು ಗೆದ್ದಾಗ ದೊಡ್ಡ ಅಂತರದಿಂದ ಗೆಲ್ಲುತ್ತಿದ್ದರು. ಚೆಂಡನ್ನು ಹಿಡಿದೇ ಆಡಿ ಬೆಳೆದ ಇಬ್ಬರು ಅದನ್ನು ಹಂಚಿಕೊಳ್ಳಲು ಕಲಿಯುತ್ತಿದ್ದ ಆ ತಂಡ ಮುಂದಿನ 22 ಪಂದ್ಯಗಳಲ್ಲಿ 21ನ್ನು ಗೆದ್ದು, ಆ ವರ್ಷವೇ ಫೈನಲ್ ಆಡಿತು.

ಮತ್ತೆ ಪೇಸರ್ಸ್‌ಗೆ ಬರುತ್ತೇನೆ, ಏಕೆಂದರೆ ಗಾಯಗಳನ್ನು ಓದುವುದೇ ಈ ಕೆಲಸದ ಅತಿ ಕಷ್ಟದ ಭಾಗ. ಋತು ಆರಂಭವಾಗಿ ಎರಡು ವಾರ ಕಳೆಯುವಷ್ಟರಲ್ಲಿ ಅವರ ಇಬ್ಬರು ಬದಲಿ ಸೆಂಟರ್‌ಗಳಾದ (ಬುಟ್ಟಿಯ ಬಳಿ ಆಡುವ ಎತ್ತರದ ಆಟಗಾರರು) ಜೇಮ್ಸ್ ವೈಸ್‌ಮನ್ ಮತ್ತು ಐಸಯಾ ಜಾಕ್ಸನ್ ಇಬ್ಬರಿಗೂ ಹಿಮ್ಮಡಿಯ ಸ್ನಾಯುರಜ್ಜು ಹರಿದಿತ್ತು. ಹಿಂದಿನ ಪ್ಲೇ ಆಫ್‌ನಲ್ಲಿ ತೊಡೆಯ ಸ್ನಾಯು ನೋಯಿಸಿಕೊಂಡಿದ್ದ ತಂಡದ ಮುಖ್ಯ ಆಟಗಾರ ಟೈರೀಸ್ ಹ್ಯಾಲಿಬರ್ಟನ್ ನ್ಯೂಯಾರ್ಕ್‌ನಲ್ಲಿ ಒಂದೂ ಅಂಕ ಗಳಿಸದೆ ಹೊರಬಂದ ರಾತ್ರಿಯೂ ಇತ್ತು. ಅದೇ ಹೊತ್ತಿಗೆ ಫಿಲಡೆಲ್ಫಿಯಾ ಸೆವೆಂಟಿಸಿಕ್ಸರ್ಸ್ ಕೂಡ ಗಾಯಗಳ ನಡುವೆ 3 ಗೆದ್ದು 14 ಸೋತಿತ್ತು. ಹೊರನೋಟಕ್ಕೆ ಎರಡೂ ಒಂದೇ ಬಗೆಯ ನಿರಾಸೆ. ಆದರೆ ಇಂಡಿಯಾನಾಗೆ ಬೇಕಾಗಿದ್ದುದು ಕಾಲಾವಕಾಶ ಮತ್ತು ಒಬ್ಬ ಬದಲಿ ಸೆಂಟರ್. ಡಿಸೆಂಬರ್‌ನಲ್ಲಿ ಥಾಮಸ್ ಬ್ರಯಂಟ್ ಬಂದರು, ಹ್ಯಾಲಿಬರ್ಟನ್ ಅವರ ಕಾಲಿನ ಚುರುಕು ಮರಳಿತು, ತಂಡ 50 ಗೆಲುವಿಗೆ ಮುಟ್ಟಿತು. ಫಿಲಡೆಲ್ಫಿಯಾದಲ್ಲಿ ಕುಸಿದದ್ದು ಕಂಬವೇ. ಮೊಣಕಾಲಿನ ನೋವಿನಿಂದ ಜೋಯಲ್ ಎಂಬೀಡ್ ಇಡೀ ಋತುವಿನಲ್ಲಿ 19 ಪಂದ್ಯಗಳನ್ನಷ್ಟೇ ಆಡಿದರು; ತಂಡ 24 ಗೆದ್ದು 58 ಸೋತಿತು.

ಕ್ಲೀವ್‌ಲ್ಯಾಂಡ್‌ನ ಆರಂಭವನ್ನು ಸುಳ್ಳೆನ್ನಲು ನನಗೆ ಮನಸ್ಸಿಲ್ಲ. ಹೊಸ ಕೋಚ್ ಕೆನ್ನಿ ಅಟ್ಕಿನ್ಸನ್ ಅವರು ಇವಾನ್ ಮೋಬ್ಲಿಗೆ ಚೆಂಡನ್ನು ಹೆಚ್ಚು ಒಪ್ಪಿಸಿದ್ದರು, ಡೇರಿಯಸ್ ಗಾರ್ಲೆಂಡ್ ಹಿಂದಿನ ವರ್ಷದ ದವಡೆಯ ಮುರಿತದಿಂದ ಚೇತರಿಸಿಕೊಂಡಿದ್ದರು, ಮತ್ತು ಆ ತಂಡ 64 ಪಂದ್ಯ ಗೆದ್ದಿತು. ಮೇ ತಿಂಗಳ ಸೋಲಿನಲ್ಲಿ ಗಾರ್ಲೆಂಡ್ ಮೊದಲ ಎರಡು ಪಂದ್ಯ ಆಡಲಾಗದಿದ್ದುದಕ್ಕೂ ಪಾಲಿದೆ.

ಇನ್ನು 2023–24ರ ಡೆಟ್ರಾಯಿಟ್ ಪಿಸ್ಟನ್ಸ್. 2 ಗೆದ್ದು 1 ಸೋತು ಆರಂಭಿಸಿ, ಬಳಿಕ ಸತತ 28 ಪಂದ್ಯ ಸೋತ ತಂಡ ಅದು. ಒಂದೇ ಋತುವಿನಲ್ಲಿ ಅಷ್ಟು ದೀರ್ಘ ಸೋಲಿನ ಸರಣಿ ಅದಕ್ಕೆ ಮೊದಲು ಲೀಗ್ ಕಂಡಿರಲಿಲ್ಲ. ಅಲ್ಲಿ ಅದೃಷ್ಟವನ್ನು ದೂರುವಂತಿರಲಿಲ್ಲ. ತಂಡದ ಮುಖ್ಯ ಆಟಗಾರ ಕೇಡ್ ಕನಿಂಗ್‌ಹ್ಯಾಮ್ ಸುತ್ತ ದೂರದಿಂದ ಎಸೆಯಬಲ್ಲವರು ಕಡಿಮೆ ಇದ್ದುದರಿಂದ ಎದುರಾಳಿಗಳು ಬುಟ್ಟಿಯ ಬಳಿ ಗುಂಪುಗಟ್ಟುತ್ತಿದ್ದರು, ಆ ಇಕ್ಕಟ್ಟಿನಲ್ಲಿ ಚೆಂಡು ಕೈತಪ್ಪುತ್ತಿತ್ತು. ಸತತ 27ನೆಯ ಸೋಲಿನ ರಾತ್ರಿ, ಬ್ರೂಕ್ಲಿನ್ ನೆಟ್ಸ್ ವಿರುದ್ಧ, ಅದೇ ಕನಿಂಗ್‌ಹ್ಯಾಮ್ 41 ಅಂಕ ಗಳಿಸಿದರು. ಆ ಪಂದ್ಯದ ದೃಶ್ಯಗಳನ್ನು ನಾನು ಎರಡು ಬಾರಿ ನೋಡಿ, ತಂಡದ ಹೆಸರಿನ ಮುಂದೆ ನಿರಾಸೆ ನಿಜವೆಂದೂ ಆಟಗಾರನ ಹೆಸರಿನ ಮುಂದೆ ಸುತ್ತ ಜಾಗ ಬೇಕೆಂದೂ ಬರೆದುಕೊಂಡೆ. ಮುಂದಿನ ಬೇಸಿಗೆಯಲ್ಲಿ ಕೋಚ್ ಬದಲಾದರು. ದೂರದಿಂದ ಎಸೆಯಬಲ್ಲ ಮಲಿಕ್ ಬೀಸ್ಲಿ, ಟಿಮ್ ಹಾರ್ಡವೇ ಜೂನಿಯರ್, ಟೊಬಿಯಾಸ್ ಹ್ಯಾರಿಸ್ ಬಂದರು. 14 ಗೆಲುವಿನ ತಂಡ 44ಕ್ಕೆ ಏರಿತು.